ಇಲ್ಲದ ತಮ್ಮನಿಗೊಂದು ಟ್ಯೂಷನ್

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ತರಕಾರಿಯವನಿಗೂ ಅವಳು ಟೀಚರ್, ಎದುರುಮನೆಯ ಅಜ್ಜಿಗೂ ಟೀಚರ್. ಮುನಿಸು ಬಂದ ದಿನ ಅತ್ತೆಯೂ ಅಷ್ಟೇ, "ಟೀಚರಮ್ಮನೋರಿಗೆ ಹಾಲು ಉಕ್ಕಿದ್ದು ಕಾಣಿಸಲಿಲ್ಲವೇನೋ" ಎಂದು ಗೋಡೆಗೆ ಹೇಳುವವರಂತೆ ಹೇಳುತ್ತಿದ್ದರು. ಮೂರನೇ ತರಗತಿಯ ಮಕ್ಕಳಿಗೆ ಮಗ್ಗಿ ಹೇಳಿಸುತ್ತ ಹೇಳಿಸುತ್ತ ಅವಳಿಗೆ ನಲವತ್ತು ಹತ್ತಿರವಾಗಿತ್ತು. ಅಂಚೆಯ ಮೂಲಕ ಪದವಿ ಓದುತ್ತಿದ್ದಳು. ಉಳಿದ ಪತ್ರಿಕೆಗಳನ್ನೆಲ್ಲ ಹೇಗೋ ದಾಟಿದ್ದಳು. ಲೀನಿಯರ್ ಆಲ್ಜಿಬ್ರ ಒಂದು ಮಾತ್ರ ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಎರಡು ಸಲ ಫೇಲಾಗಿ ಉಳಿದಿತ್ತು.

ಈ ವರ್ಷ ಎಂಟನೇ ತರಗತಿಯ ಗಣಿತದ ಮೇಷ್ಟ್ರು ಕೆಲಸ ಬಿಟ್ಟು ಹೋದರು. ಮುಖ್ಯೋಪಾಧ್ಯಾಯಿನಿ ಅವಳನ್ನು ಕರೆದು ಆ ತರಗತಿಯನ್ನು ವಹಿಸಿದರು. ಅವಳ ಮೂರನೇ ತರಗತಿಗೆ ಹೊಸಬಳೊಬ್ಬಳು ಬಂದು ಕೂತೂ ಆಯಿತು. ಮುಖ್ಯೋಪಾಧ್ಯಾಯಿನಿ ಒಳ್ಳೆಯವರು, ಆದರೆ ಮಾತನ್ನು ಸುತ್ತಿ ಬಳಸಿ ಆಡುವವರಲ್ಲ. ಬೇಸಿಗೆ ರಜೆ ಮುಗಿಯುವುದರೊಳಗೆ ಪದವಿಯ ಅಂಕಪಟ್ಟಿ ತಂದರೆ ಎಂಟನೇ ತರಗತಿ ನಿಮ್ಮದೇ, ತರದಿದ್ದರೆ ಈ ಶಾಲೆಯಲ್ಲಿ ನಿಮಗೆ ಕೊಡಲು ನನ್ನ ಬಳಿ ತರಗತಿಯೇ ಇರುವುದಿಲ್ಲ ಎಂದಿದ್ದರು. ಅಂದರೆ ಮುಂದೆ ಅಪ್ಪಿಕೊಳ್ಳಲು ಕಂಬವಿಲ್ಲ, ಹಿಂದೆ ಇದ್ದ ಗೋಡೆಯೂ ಹೋಗಿತ್ತು. ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಹೆದರಿಕೆಯಿಂದ ರಜೆ ಮುಗಿಯಲು ಉಳಿದ ದಿನಗಳನ್ನು ಎಣಿಸುತ್ತಿದ್ದಳು.

ಟ್ಯೂಷನ್ ಹುಡುಕಲು ಹೊರಟಾಗ ಆ ಹೆದರಿಕೆ ಇನ್ನೂ ಬೆಳೆಯಿತು. ತನ್ನ ಬೀದಿಯಲ್ಲಿ ಕೇಳುವಂತಿರಲಿಲ್ಲ. ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳೇ ಲೆಕ್ಕ ಕಲಿಯಲು ಅಲೆಯುತ್ತಿದ್ದಾಳೆ ಎಂದು ಒಬ್ಬ ತಾಯಿಗೆ ತಿಳಿದರೂ ಸಾಕಿತ್ತು. ಬಸ್ ನಿಲ್ದಾಣದ ಹತ್ತಿರದ ಟ್ಯೂಷನ್ ಸೆಂಟರುಗಳಲ್ಲಿ ಹನ್ನೆರಡನೇ ತರಗತಿಯ ಆಚೆಗೆ ಯಾರೂ ಹೇಳಿಕೊಡುತ್ತಿರಲಿಲ್ಲ. ಒಂದು ಕಡೆಯ ಹುಡುಗಿಯಂತೂ ಹಾಗೆಂದರೇನು ಮೇಡಂ, ಅದು ಕಂಪ್ಯೂಟರ್ ಕೋರ್ಸಾ ಎಂದು ಇವಳನ್ನೇ ಕೇಳಿದಳು. ನಿವೃತ್ತ ಪ್ರೊಫೆಸರೊಬ್ಬರ ಮನೆಯ ಗೇಟಿನಲ್ಲಿ ನಾಯಿ ಬೊಗಳುತ್ತಲೇ ಇತ್ತು. ಅವರ ಹೆಂಡತಿ ಕಿಟಕಿಯಿಂದಲೇ, ಅವರಿಗೆ ಈಗ ಕಿವಿ ಕೇಳಿಸುವುದಿಲ್ಲ, ಕೇಳಿಸುತ್ತಿದ್ದಾಗಲೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ ಎಂದು ಕೈಯಾಡಿಸಿ ಕಳಿಸಿಬಿಟ್ಟರು. ಮೊಬೈಲಿನ ವಿಡಿಯೋಗಳಲ್ಲಿ ಪಾಠ ಹೇಳುವವನು ಬೆನ್ನ ಹಿಂದೆ ಪೊಲೀಸರು ಓಡಿಬರುತ್ತಿರುವಂತೆ ಹೇಳುತ್ತಿದ್ದ.

ಕಡೆಗೆ ಟ್ಯೂಷನ್ ಹುಡುಕಿಕೊಟ್ಟವನು ಗಂಡ. ಅವನು ವಿದ್ಯುತ್ ಮೀಟರ್ ಓದುವವನು. ದಿನವಿಡೀ ಮನೆಮನೆಯ ಮೆಟ್ಟಿಲ ಕೆಳಗೆ ಬಗ್ಗಿ ಮೀಟರ್ ನೋಡುವುದೇ ಕೆಲಸವಾದ್ದರಿಂದ, ಯಾರ ಮನೆಯಲ್ಲಿ ಯಾರಿದ್ದಾರೆ ಎನ್ನುವುದಕ್ಕಿಂತ ಮೀಟರಿನ ಪಕ್ಕದ ಗೋಡೆಗೆ ಏನು ಅಂಟಿಸಿದ್ದಾರೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಸಂಜೆ ಶೂ ಬಿಚ್ಚುತ್ತ, ಊರಿನ ಆ ತುದಿಯಲ್ಲಿ ಒಂದು ಪಂಕ್ಚರ್ ಅಂಗಡಿಯಿದೆ, ಅದರ ಮಹಡಿಗೆ ಹೋಗುವ ಕಡೆ ನಿನ್ನ ಶತ್ರುವಿನ ಹೆಸರು ಬರೆದಿದ್ದಾರೆ ಎಂದ. ರಟ್ಟಿನ ಮೇಲೆ ಕೈಬರಹದಲ್ಲಿ, ಪದವಿ ಗಣಿತ, ಲೀನಿಯರ್ ಆಲ್ಜಿಬ್ರ ಹೇಳಿಕೊಡಲಾಗುವುದು ಎಂದಿತ್ತಂತೆ. ಅವಳಿಗೆ ಆ ಹೊತ್ತು ಸಂತೋಷಕ್ಕಿಂತ ಮೊದಲು ಬಂದದ್ದು ದಿಗಿಲು. ಇನ್ನು ಟ್ಯೂಷನ್ ಸಿಗಲಿಲ್ಲ ಎಂದು ಹೇಳಿಕೊಂಡು ತಪ್ಪಿಸಿಕೊಳ್ಳುವಂತಿರಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಹೋದಳು. ಕೆಳಗೆ ಗಾಳಿ ತುಂಬುವ ಯಂತ್ರ ಢಗಢಗ ಎನ್ನುತ್ತಿತ್ತು. ಮೇಲೆ ಉದ್ದನೆಯ ಒಂದು ಕೋಣೆ, ನಾಲ್ಕು ಬೆಂಚು, ಕಪ್ಪು ಹಲಗೆ. ಮೇಷ್ಟ್ರು ಎಂದರೆ ಮುದುಕರಿರಬಹುದು ಎಂದುಕೊಂಡಿದ್ದಳು, ನೋಡಿದರೆ ಮೂವತ್ತೂ ಆಗದ ತೆಳ್ಳಗಿನ ಯುವಕ. ಕಾಲೇಜೊಂದರಲ್ಲಿ ತಾತ್ಕಾಲಿಕ ಉಪನ್ಯಾಸಕನಂತೆ. ತನಗಿಂತ ಹತ್ತು ವರ್ಷ ಚಿಕ್ಕವನ ಮುಂದೆ ಕೈಕಟ್ಟಿ ನಿಲ್ಲಬೇಕಲ್ಲ ಎಂದು ಹೊಸ್ತಿಲಲ್ಲೇ ಕಾಲು ಹಿಂಜರಿಯಿತು. ಮೇಷ್ಟ್ರು ಫೋನಿನಲ್ಲಿದ್ದರು.

"ಇಲ್ಲ ಸಾರ್, ಟೀಚರ್‌ಗಳನ್ನ ನಾನು ತಗೊಳ್ಳಲ್ಲ. ಇಬ್ಬರು ಬಂದಿದ್ದರು, ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಿದ್ರು. ಒಂದು ದಿನ ಒಂದು ಪ್ರಶ್ನೆ ಕೇಳಲಿಲ್ಲ. ಫೇಲಾದ ಮೇಲೆ ನನಗೇ ಹೇಳಿಕೊಡೋಕೆ ಬರಲ್ಲ ಅಂತ ಊರೆಲ್ಲ ಹೇಳಿಕೊಂಡು ಬಂದರು. ಬೇಡ ಸಾರ್."

ಫೋನ್ ಇಟ್ಟು ಇವಳ ಕಡೆ ತಿರುಗಿ ಯಾರಿಗೆ ಟ್ಯೂಷನ್ ಎಂದು ಕೇಳಿದರು. ಅವಳ ಬಾಯಿಂದ ಯೋಚಿಸಿಯೂ ಇರದ ಮಾತೊಂದು ಜಾರಿ ಬಿತ್ತು.

"ನನ್ನ ತಮ್ಮನಿಗೆ."

ಅವಳ ಬೆನ್ನಿಗೆ ಹುಟ್ಟಿದವರು ಯಾರೂ ಇರಲಿಲ್ಲ, ಮನೆಯಲ್ಲಿ ಅವಳೇ ಕಡೆಯವಳು. ಆದರೂ ಮಾತು ಹೊರಬಿದ್ದಾಗಿತ್ತು. ತಮ್ಮ ಎಲ್ಲಿ ಎಂದರೆ ಅವನಿಗೆ ಸಂಜೆ ಪಾಳಿಯ ಕೆಲಸ ಎಂದಳು, ತಾನೇ ಬಂದು ಕೇಳಿಸಿಕೊಂಡು ಹೋಗಿ ಮನೆಯಲ್ಲಿ ಅವನಿಗೆ ಹೇಳುತ್ತೇನೆ ಎಂದಳು. ಮೇಷ್ಟ್ರು ನಕ್ಕರು.

"ಜ್ವರ ತಮ್ಮನಿಗೆ, ಮಾತ್ರೆ ನುಂಗೋದು ಅಕ್ಕಾನಾ? ಆಗಲಿ, ಸ್ವಲ್ಪ ದಿನ ನೋಡೋಣ. ಆಮೇಲೆ ಅವನನ್ನ ಒಂದು ಸಲ ಕರ್ಕೊಂಡು ಬರಲೇಬೇಕು."

ಹೀಗೆ ಟ್ಯೂಷನ್ ಶುರುವಾಯಿತು. ಅವಳು ಹಿಂದಿನ ಬೆಂಚಿನ ಗೋಡೆಯ ಪಕ್ಕ ಕೂರುತ್ತಿದ್ದಳು. ಮುಂದೆ ಕಾಲೇಜಿನ ಐದಾರು ಹುಡುಗ ಹುಡುಗಿಯರು. ಅವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯತೊಡಗಿದರು, ಮೇಷ್ಟ್ರೂ ಹಾಗೆಯೇ ಕರೆದರು. ಪಾಠದ ನಡುವೆ ಮೇಷ್ಟ್ರು ನಿಂತು ನಿಮ್ಮ ತಮ್ಮನಿಗೆ ನಿನ್ನೆಯದು ತಿಳಿಯಿತೇ ಎಂದು ಕೇಳಿದರೆ ತಿಳಿಯಿತಂತೆ ಎಂದು ತಲೆಯಾಡಿಸುವಳು. ಎಲ್ಲಿ ಕಷ್ಟವಾಯಿತಂತೆ ಎಂದರೆ ಎಲ್ಲೂ ಇಲ್ಲವಂತೆ ಎನ್ನುವಳು. ಇಲ್ಲದ ತಮ್ಮ ದಿನದಿನಕ್ಕೆ ಬಲು ಬುದ್ಧಿವಂತನಾಗುತ್ತಿದ್ದ, ಅಕ್ಕ ಮಾತ್ರ ಇದ್ದಲ್ಲೇ ಇದ್ದಳು.

ಮನೆಯಲ್ಲಿ ಗಂಡನಿಗೆ ಇದೊಂದು ಆಟವಾಯಿತು. ಊಟಕ್ಕೆ ಕೂತಾಗ, "ನಮ್ಮ ಭಾಮೈದ ಇವತ್ತು ಏನು ಕಲಿತನಂತೆ?" ಎನ್ನುವನು. ಅದು ಕಿವಿಗೆ ಬಿದ್ದು ಅತ್ತೆ, ಮದುವೆಯಾಗಿ ಇಷ್ಟು ವರ್ಷವಾದರೂ ಕಾಣದ ತಮ್ಮ ಈಗೆಲ್ಲಿಂದ ಹುಟ್ಟಿದ ಎಂದು ಗಾಬರಿಬಿದ್ದರು. ಅವಳಿಗೂ ನಗು ಬರುತ್ತಿತ್ತು. ನಕ್ಕು ಮುಗಿಸುವುದರೊಳಗೆ ಪರೀಕ್ಷೆ ನೆನಪಾಗಿ ತಟ್ಟೆ ಸರಿಸಿ ಎದ್ದುಬಿಡುವಳು.

ನಿಜವಾದ ಹೆದರಿಕೆ ಎಲ್ಲಿತ್ತೆಂದು ಅವಳು ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷ ಪಾಠ ಮಾಡಿದ್ದರೂ ಅವಳು ಉತ್ತರ ಗೊತ್ತಿಲ್ಲದ ಒಂದು ಲೆಕ್ಕವನ್ನೂ ಬೋರ್ಡಿನ ಮೇಲೆ ಮಾಡಿರಲಿಲ್ಲ. ಹಿಂದಿನ ಸಂಜೆಯೇ ಪುಸ್ತಕದ ಕೊನೆಯ ಪುಟ ತೆರೆದು ಉತ್ತರ ನೋಡಿಕೊಳ್ಳುವಳು, ಆಮೇಲೆ ಲೆಕ್ಕವನ್ನು ಅಲ್ಲಿಗೆ ಹೊಡೆದುಕೊಂಡು ಹೋಗುವಳು, ಸಂಜೆ ದನವನ್ನು ಕೊಟ್ಟಿಗೆಗೆ ಹೊಡೆದಂತೆ. ತರಗತಿಯಲ್ಲಿ ಎಂದಾದರೂ ಉತ್ತರ ಕೂಡದಿದ್ದರೆ, ಪುಸ್ತಕದಲ್ಲಿ ಅಚ್ಚಿನ ತಪ್ಪಿದೆ ಮಕ್ಕಳೇ ಎಂದು ಪ್ರಶ್ನೆಯ ಅಂಕಿಯನ್ನೇ ತಿದ್ದಿ ಕೂಡಿಸಿಬಿಡುವಳು. ಮಕ್ಕಳು ನಂಬುತ್ತಿದ್ದರು. ತಿದ್ದಿ ತಿದ್ದಿ ಅವಳೂ ನಂಬಿಬಿಟ್ಟಿದ್ದಳು. ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆಪತ್ರಿಕೆಗೆ ಕೊನೆಯ ಪುಟವಿಲ್ಲ. ಅಲ್ಲಿ ಕೂತೊಡನೆ ಕತ್ತಲಲ್ಲಿ ಗೊತ್ತಿಲ್ಲದ ಬಾವಿಯ ಅಂಚಿಗೆ ಬಂದು ನಿಂತಂತಾಗುತ್ತಿತ್ತು.

ಒಂದು ಸಂಜೆ ಟ್ಯೂಷನ್ನಿಗೆ ಹೊಸ ಹುಡುಗನೊಬ್ಬ ಬಂದು ಸೇರಿದ. ಅವನನ್ನು ನೋಡಿದೊಡನೆ ಅವಳು ಗೋಡೆಯ ಕಡೆಗೆ ಇನ್ನಷ್ಟು ಸರಿದಳು. ಅವನು ಅವಳ ಎಂಟನೇ ತರಗತಿಯ ಹುಡುಗಿಯೊಬ್ಬಳ ಅಣ್ಣ, ತಂಗಿಯನ್ನು ಕರೆದೊಯ್ಯಲು ದಿನಾ ಶಾಲೆಯ ಗೇಟಿಗೆ ಬರುವವನು. ಅವನೂ ಇವಳನ್ನು ಗುರುತಿಸಿದ. ನಮಸ್ಕಾರ ಹೇಳಲು ಬಾಯಿ ತೆರೆದವನು ಇವಳ ಮುಖ ನೋಡಿ ಏನೋ ಅರ್ಥವಾದಂತೆ ಸುಮ್ಮನಾದ. ಆ ಸುಮ್ಮನಿರುವಿಕೆ ಅವಳನ್ನು ಇನ್ನಷ್ಟು ಹೆದರಿಸಿತು. ಎದ್ದು ಹೋಗಿಬಿಡಲೇ ಎಂದುಕೊಳ್ಳುತ್ತಿರುವಾಗಲೇ ಮೇಷ್ಟ್ರು ಬೋರ್ಡಿನ ಮೇಲೆ ಮೂರು ಸಮೀಕರಣ ಬರೆದು ಸೀಮೆಸುಣ್ಣವನ್ನು ಅವಳ ಕಡೆ ಚಾಚಿದರು.

"ಅಕ್ಕಾ, ತಮ್ಮ ಅಂತೂ ಬರಲಿಲ್ಲ. ಅವನ ಬದಲು ಇವತ್ತು ನೀವೇ ಬನ್ನಿ."

ಬೋರ್ಡಿನ ಮುಂದೆ ನಿಂತಳು. ಬೆನ್ನಿಗೆ ಆ ಹುಡುಗನ ಕಣ್ಣು ತಾಗುತ್ತಿರುವುದು ಗೊತ್ತಾಗುತ್ತಿತ್ತು. ಎಕ್ಸು, ವೈ, ಝಡ್‌ಗಳನ್ನು ಬಿಟ್ಟು ಅಂಕಿಗಳನ್ನಷ್ಟೇ ಮೂರು ಸಾಲಾಗಿ ಬರೆದುಕೊಂಡಳು. ಒಂದು ಉದ್ದ ಗೆರೆ, ಅದರಾಚೆ ಕೊನೆಯ ಕಾಲಮಿನಲ್ಲಿ ನಾಲ್ಕು, ಒಂಬತ್ತು, ಹದಿನೆಂಟು. ಸಾಲಿನಿಂದ ಸಾಲು ಕಳೆಯುವ ಕ್ರಮ ಅವಳಿಗೆ ಬಾಯಿಪಾಠವಾಗಿತ್ತು, ಕೈ ತಾನಾಗಿ ಓಡಿತು. ಆದರೆ ಕೊನೆಯ ಸಾಲಿನಲ್ಲಿ ಅಂಕಿಗಳೆಲ್ಲ ಒಂದೊಂದಾಗಿ ಸೊನ್ನೆಯಾಗಿ, ಗೆರೆಯ ಆಚೆ ಬದಿಯಲ್ಲಿ ಐದು ಒಂದೇ ಉಳಿಯಿತು. ಸೊನ್ನೆ ಸಮ ಐದು. ಎಲ್ಲೋ ತಪ್ಪಿದ್ದೇನೆ, ಎಲ್ಲರೂ ನೋಡುತ್ತಿದ್ದಾರೆ, ನಾಳೆ ಶಾಲೆಯ ಗೇಟಿನಲ್ಲಿ ಇದೇ ಮಾತು. ಕಣ್ಣು ಮೇಲಿನಿಂದ ಕೆಳಗೆ ಒಮ್ಮೆ ಓಡಿತು. ಆ 18 ಇರುವಲ್ಲಿ 13 ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಏನು ಮಾಡುತ್ತಿದ್ದೇನೆಂದು ಅವಳಿಗೆ ತಿಳಿಯುವ ಮೊದಲೇ ಅವಳ ಹೆಬ್ಬೆರಳು ಎಂಟರ ಎಡಮಗ್ಗುಲನ್ನು ಒರೆಸಿತ್ತು. ಎಂಟು ಮೂರಾಯಿತು.

"ಬರೆದುಕೊಳ್ಳುವಾಗ ತಪ್ಪಾಗಿತ್ತು" ಎಂದು ತರಗತಿಯ ದನಿಯಲ್ಲಿ ಸ್ಪಷ್ಟವಾಗಿ ಹೇಳಿದಳು.

ಮೇಷ್ಟ್ರು ಎದ್ದು ಬಂದು, ತಾವು ಬರೆದ ಮೂರನೆಯ ಸಮೀಕರಣದ ಕೊನೆಯಲ್ಲಿದ್ದ 18ರ ಕೆಳಗೆ ನಿಧಾನವಾಗಿ ಒಂದು ಗೆರೆ ಎಳೆದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

"ಕಾಲೇಜು ಹುಡುಗರು ಲೆಕ್ಕ ತಪ್ಪು ಮಾಡ್ತಾರೆ, ಇಲ್ಲಾ ಅರ್ಧಕ್ಕೆ ಬಿಡ್ತಾರೆ" ಎಂದರು. "ಪ್ರಶ್ನೇನೇ ತಿದ್ದೋ ಧೈರ್ಯ ಇರೋದು ಟೀಚರ್‌ಗಳಿಗೆ ಮಾತ್ರ. ಎಷ್ಟು ವರ್ಷದಿಂದ ಪಾಠ ಮಾಡ್ತಿದ್ದೀರಾ ಅಕ್ಕಾ?"

ಅವಳು ಸೀಮೆಸುಣ್ಣವನ್ನು ಹಲಗೆಯ ಅಂಚಿನ ಮೇಲಿಟ್ಟಳು. ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೇಳಬಹುದಿತ್ತು. ಎರಡನೆಯ ಬೆಂಚಿನಲ್ಲಿ ಆ ಹುಡುಗ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದ. ತನ್ನ ಸಲುವಾಗಿ ಅವನಿಗೂ ನಾಚಿಕೆಯಾಗುತ್ತಿದೆ ಎಂದು ಅವಳಿಗೆ ಕಂಡಿತು. ತಮ್ಮನೂ ಇಲ್ಲ, ಯಾರೂ ಇಲ್ಲ, ಎರಡು ಸಲ ಫೇಲಾದವಳು ತಾನೇ ಎಂದು ಹೇಳಿದಳು. ರಜೆಯೊಳಗೆ ಪಾಸಾಗದಿದ್ದರೆ ಕೆಲಸ ಹೋಗುತ್ತದೆ ಎಂದೂ ಹೇಳಿದಳು. ದನಿ ಅಷ್ಟು ಸಣ್ಣದಾಗಿತ್ತೆಂದರೆ ಕೆಳಗಿನ ಯಂತ್ರ ನಿಂತ ಗಳಿಗೆಯಲ್ಲಷ್ಟೇ ಕೇಳಿಸಿತು. ಎರಡು ಸಲವೂ ಪರೀಕ್ಷೆಯಲ್ಲಿ ಇಂಥದೇ ಲೆಕ್ಕ ಬಂದಿತ್ತು, ಎರಡು ಸಲವೂ ಅವಳು ಪ್ರಶ್ನೆಯನ್ನು ತಿದ್ದಿ ಬಂದಿದ್ದಳು.

"ಟೀಚರ್‌ಗಳನ್ನ ಯಾಕೆ ತಗೊಳ್ಳಲ್ಲ ಅಂತ ನಿಮಗೆ ಗೊತ್ತು" ಎಂದರು ಮೇಷ್ಟ್ರು.

"ಪ್ರಶ್ನೆ ಕೇಳಲ್ಲ ಅಂತ."

"ಕೇಳ್ತೀರಾ?"

"ಕೇಳ್ತೀನಿ."

"ಹಾಗಾದರೆ ಈಗಲೇ ಕೇಳಿ."

ಬಾಗಿಲು ಹತ್ತಿರದಲ್ಲೇ ಇತ್ತು. ಇಳಿದು ಹೋದರೆ ಇಷ್ಟರ ಮಟ್ಟಿಗಾದರೂ ಮಾನ ಉಳಿಯುತ್ತಿತ್ತು, ಕೆಲಸ ಉಳಿಯುತ್ತಿರಲಿಲ್ಲ. ಅವಳು ಬೋರ್ಡಿನ ಕಡೆ ನೋಡಿದಳು. ಕೊನೆಯ ಸಾಲಿಗೆ ಬೆರಳಿಟ್ಟು ಕೇಳಿದಳು.

"ಸೊನ್ನೆ ಸಮ ಐದು ಅಂತ ಬಂದಾಗ, ತಪ್ಪು ನಾನು ಮಾಡಿದ್ದೋ, ಇಲ್ಲಾ ಲೆಕ್ಕಾನೇ ಹಾಗಿರೋದೋ, ಹೇಗೆ ಗೊತ್ತಾಗುತ್ತೆ?"

ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. ಒರೆಸಿಹೋದ ಎಂಟನ್ನು ಮತ್ತೆ ತುಂಬಿ ಬರೆದರು. ಮೊದಲ ಎರಡು ಸಾಲನ್ನು ಕೂಡಿಸಿ ತೋರಿಸಿದರು. ಎಡಬದಿಯಲ್ಲಿ ಬಂದದ್ದು ಮೂರನೆಯ ಸಮೀಕರಣದ ಎಡಬದಿಯೇ, ಬಲಬದಿಯಲ್ಲಿ ಮಾತ್ರ ಹದಿಮೂರು. ಅಂದರೆ ಮೊದಲಿಬ್ಬರು ಸೇರಿ ಹದಿಮೂರು ಎಂದು ಸಾಕ್ಷಿ ಹೇಳುತ್ತಿದ್ದಾರೆ, ಮೂರನೆಯವನು ಅದೇ ವಸ್ತುವಿಗೆ ಹದಿನೆಂಟು ಎನ್ನುತ್ತಾನೆ, ಮೂವರ ಮಾತೂ ನಿಜವಾಗುವ ಜಾಗ ಎಲ್ಲೂ ಇಲ್ಲ, ಉತ್ತರ ಇಲ್ಲ ಎಂದು ಬರೆದರೆ ಪೂರ್ತಿ ಅಂಕ ಎಂದು ವಿವರಿಸಿದರು. ಆಮೇಲೆ ಒಂದೊಂದು ಪುಸ್ತಕವೂ ಒಂದೊಂದು ಸಮೀಕರಣದ ಸಮತಲ ಎಂದುಕೊಳ್ಳಿ ಎನ್ನುತ್ತ ಎರಡು ಪುಸ್ತಕಗಳನ್ನು ಒಂದಕ್ಕೊಂದು ಅಡ್ಡವಾಗಿ ತಾಗಿಸಿ, ಅವು ಕೂಡುವ ಗೆರೆಯನ್ನು ಮುಟ್ಟದೆ ಅದರ ಪಕ್ಕದಲ್ಲೇ ಹಾದುಹೋಗುವಂತೆ ಮೂರನೆಯ ಪುಸ್ತಕ ಹಿಡಿಯಲು ನೋಡಿದರು. ಕೈ ಸಾಲದೆ ಆ ಹೊಸ ಹುಡುಗನನ್ನು ಕರೆದರು. ಅವನು ಬಂದು ಮೂರನೆಯ ಪುಸ್ತಕ ಹಿಡಿದು, ತನ್ನ ತಂಗಿಯ ಟೀಚರಿಂದ ಒಂದು ಮೊಳ ದೂರದಲ್ಲಿ ನಿಂತ. ಅವಳು ಅವನ ಮುಖ ನೋಡಲಿಲ್ಲ. ನಾಳೆ ಅವನು ಏನು ಹೇಳುತ್ತಾನೋ, ಯಾರಿಗೆ ಹೇಳುತ್ತಾನೋ, ಅದು ಈಗ ಅವಳ ಕೈಯಲ್ಲಿರಲಿಲ್ಲ.

"ಅರ್ಥ ಆಯ್ತಾ ಅಕ್ಕಾ?"

ಅವಳ ಕುತ್ತಿಗೆ ಅಭ್ಯಾಸಬಲದಿಂದ ಆಗಲೇ ಕೆಳಗಿಳಿಯತೊಡಗಿತ್ತು. ಅದನ್ನು ಅಲ್ಲೇ ಹಿಡಿದು ನಿಲ್ಲಿಸಿದಳು.

"ಇಲ್ಲ" ಎಂದಳು. "ಸಾಕ್ಷಿಯ ಮಾತು ತಿಳೀತು. ಪುಸ್ತಕದ್ದು ತಿಳೀಲಿಲ್ಲ."

ಮೇಷ್ಟ್ರು ಸರಿ ಎಂದು ಪುಸ್ತಕಗಳನ್ನು ಮೇಜಿನ ಮೇಲಿಟ್ಟರು, ಬೋರ್ಡನ್ನು ತುದಿಯಿಂದ ತುದಿಗೆ ಒರೆಸಿ ಮತ್ತೆ ಮೊದಲಿನಿಂದ ಬರೆಯತೊಡಗಿದರು.