ಎರಡು ಸಲ ಗುಡಿಸಿದ ದಂಡೆ

ನಮ್ಮ ಕಾಲೇಜಿನಲ್ಲಿ ಅವರನ್ನು ಎಲ್ಲರೂ ಜವಾಬ್ದಾರಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ವ್ಯವಹಾರ ಆಡಳಿತ ಓದುವ ಹುಡುಗ ಹುಡುಗಿಯರಿಗೆ ಅವರು ಕಲಿಸುತ್ತಿದ್ದ ವಿಷಯ ಉದ್ಯಮಗಳ ಸಾಮಾಜಿಕ ಜವಾಬ್ದಾರಿ. ಲಾಭ ಮಾಡುವ ಭರದಲ್ಲಿ ನೀರು, ಗಾಳಿ, ನೆರೆಹೊರೆಯವರನ್ನು ಮರೆಯಬಾರದು ಎಂಬುದು ಅದರ ಸಾರ. ಟೈಮ್‌ಟೇಬಲ್ ಹಾಕುವವರು ಕೊನೆಯ ಪಿರಿಯಡ್ಡನ್ನು ಅವರ ತಲೆಗೆ ಕಟ್ಟುತ್ತಿದ್ದರು. ಅರ್ಧ ತರಗತಿಗೆ ತೂಕಡಿಕೆ, ಇನ್ನರ್ಧಕ್ಕೆ ಬಸ್ಸಿನ ಧ್ಯಾನ. ನಾನು ಲೆಕ್ಕಶಾಸ್ತ್ರದವಳು, ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿ.

"ನಿಮ್ಮ ಪಾಠ ಕೇಳಿ ಯಾವ ಕಂಪನಿ ಉದ್ಧಾರ ಆಯ್ತು, ಹೇಳಿ ನೋಡೋಣ" ಎಂದು ಕಾಲೆಳೆಯುತ್ತಿದ್ದೆ.

"ಆಗುತ್ತೆ ಮೇಡಂ. ನಿಧಾನ ಆಗುತ್ತೆ" ಎನ್ನುತ್ತಿದ್ದರು.

ಆಡಿದ್ದನ್ನು ಮಾಡುವ ಮನುಷ್ಯ. ಅದೇ ಅವರ ದೊಡ್ಡ ಕಾಟ. ನಾವು ಕೈ ತೊಳೆದು ಬರುವಷ್ಟರಲ್ಲಿ ಫ್ಯಾನ್ ಆರಿಸಿ ಕೂತಿರುತ್ತಿದ್ದರು. ಒಂದು ಮಗ್ಗುಲು ಬರೆದ ಹಾಳೆಗಳನ್ನೆಲ್ಲ ಒಟ್ಟುಮಾಡಿ ಇನ್ನೊಂದು ಮಗ್ಗುಲಲ್ಲಿ ಪಾಠದ ಟಿಪ್ಪಣಿ ಮಾಡುತ್ತಿದ್ದರು. "ಹಲ್ಲುಜ್ಜೋವಾಗ ನಲ್ಲಿ ಬಿಟ್ಟರೆ ನನಗೂ ಒಂದು ಪಿರಿಯಡ್ ಪಾಠ ಆಗುತ್ತೆ" ಎಂದು ಅವರ ಹೆಂಡತಿ ನನ್ನ ಹತ್ತಿರ ಗೋಳು ತೋಡಿಕೊಂಡಿದ್ದರು. ಹಾಗೆ ಹೇಳುವಾಗ ಆಕೆಯ ಮುಖದಲ್ಲಿ ಹೆಮ್ಮೆಯೂ ಇತ್ತು.

ಒಂದು ವರ್ಷ ಕಾಲೇಜಿನ ಅಧ್ಯಕ್ಷರು ಮೀಟಿಂಗಿನಲ್ಲಿ ಈ ವಿಷಯವನ್ನೇ ತೆಗೆದುಹಾಕುವ ಮಾತೆತ್ತಿದರು. ವಿಷಯ ಹೋದರೆ ಮೇಷ್ಟ್ರ ಕೆಲಸವೂ ಹೋಯಿತು. ತಲೆ ನರೆತವರನ್ನು ಯಾವ ಕಾಲೇಜು ಕರೆದು ಕೂರಿಸುತ್ತದೆ? ಮಗಳ ಓದು ಬೇರೆ ನಡುನೀರಿನಲ್ಲಿತ್ತು. "ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ಮಾಡಿ ತೋರಿಸಿ. ಆಮೇಲೆ ಯೋಚನೆ ಮಾಡೋಣ" ಎಂದರು ಅಧ್ಯಕ್ಷರು.

ಮೇಷ್ಟ್ರು ಕಾಲೇಜಿನ ಹಿಂದಿನ, ಕಸ ತುಂಬಿದ ಕಾಲುವೆ ದಂಡೆಯನ್ನು ಆರಿಸಿಕೊಂಡರು. ಅದರ ಪಕ್ಕದಲ್ಲೇ ಒಂದು ಓಣಿ, ಬಾಗಿಲು ತೆಗೆದರೆ ದಂಡೆ. ಒಂದು ದಿನ ಬೆಳಿಗ್ಗೆಯೇ ತರಗತಿ ಇಡೀ ಅಲ್ಲಿಗೆ ಇಳಿಯಿತು, ಜೊತೆಗೆ ನಾನೂ. ಮೊದಮೊದಲು ಮೂಗು ಹಿಡಿದುಕೊಂಡವರು ಬಿಸಿಲೇರುವ ಹೊತ್ತಿಗೆ ಪೈಪೋಟಿಗೆ ಬಿದ್ದು ಕಸ ಎತ್ತತೊಡಗಿದರು. ಲೀಡರ್ ಹುಡುಗಿಯ ಗಂಟಲಂತೂ ಕಾಲುವೆಯ ಆಚೆಗೂ ಕೇಳುತ್ತಿತ್ತು. ಓಣಿಯ ಮೊದಲ ಮನೆಯ ಟೈಲರಮ್ಮ ಹೊಲಿಗೆ ಬಿಟ್ಟು ಬಂದು ಎಲ್ಲರಿಗೂ ನೀರು ಕೊಟ್ಟಳು. ಮಧ್ಯಾಹ್ನಕ್ಕೆ ದಂಡೆಯ ಮಣ್ಣು ಕಂಡಿತು, ಚೀಲಗಳು ಬಾಯಿ ಕಟ್ಟಿಸಿಕೊಂಡು ಸಾಲಾಗಿ ಕೂತವು. ಮೇಷ್ಟ್ರು ಪ್ಯಾಂಟು ಮಡಚಿಕೊಂಡು ಸುಮ್ಮನೆ ನಗುತ್ತ ನಿಂತಿದ್ದರು. ಆ ನಗುವನ್ನು ನಾನು ಆಮೇಲೆ ನೋಡಲಿಲ್ಲ.

ಬೆಳಿಗ್ಗೆ ಬರಬೇಕಿದ್ದ ಅಧ್ಯಕ್ಷರು ಫೋಟೋಗ್ರಾಫರನ ಜೊತೆ ಬಂದದ್ದು ಎಲ್ಲ ಮುಗಿದ ಮೇಲೆ. ಸುತ್ತ ಕಣ್ಣಾಡಿಸಿದರು.

"ಇಲ್ಲಿ ಕಸವೇ ಇಲ್ಲವಲ್ಲ. ಇವನು ಯಾವುದರ ಫೋಟೋ ತೆಗೀಬೇಕು?"

ಎಲ್ಲರೂ ಮೇಷ್ಟ್ರ ಮುಖ ನೋಡಿದೆವು. ಈಗ ಇವರು ಏನಾದರೂ ಹೇಳುತ್ತಾರೆ ಎಂದು ನಾನು ಕಾದೆ. ಅವರು ಬಗ್ಗಿ, ತಾವೇ ಒಂದು ಚೀಲದ ಬಾಯಿ ಬಿಚ್ಚಿದರು.

"ಸ್ವಲ್ಪ ಹರಡಿ ಮಕ್ಕಳೇ. ಕ್ಯಾಮೆರಾಗೆ ಕಾಣೋ ಅಷ್ಟು."

ಹುಡುಗರಿಗೆ ನಗು. ಚೀಲಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಧ್ಯಕ್ಷರು ಪೊರಕೆ ಹಿಡಿದರು, ಪಕ್ಕದಲ್ಲಿ ನಾನೂ ಹಿಡಿದೆ. ಹಿಡಿಯದೆ ದೂರ ನಿಂತಿದ್ದೆ ಎಂದು ಹೇಳಿಕೊಳ್ಳುವ ಭಾಗ್ಯ ನನಗಿಲ್ಲ.

"ಯಾಕ್ರೀ ಮೇಷ್ಟ್ರೇ, ಮತ್ತೆ ಚೆಲ್ತಿದ್ದೀರಲ್ಲ?" ಬಾಗಿಲಲ್ಲಿ ನಿಂತ ಟೈಲರಮ್ಮ ಕೇಳಿದಳು.

"ಫೋಟೋಗೆ ಅಮ್ಮ. ಐದೇ ನಿಮಿಷ, ಎತ್ತಿಬಿಡ್ತೀವಿ."

ಅಷ್ಟರಲ್ಲಿ ಗಾಳಿ ಎದ್ದಿತು. ಪ್ಲಾಸ್ಟಿಕ್ಕೆಲ್ಲ ಓಣಿಯೊಳಕ್ಕೆ ಹಾರಿ ಒಣಗಲು ಹಾಕಿದ ಬಟ್ಟೆಗೆ ಮೆತ್ತಿಕೊಂಡಿತು. ಅಧ್ಯಕ್ಷರ ಕಾರು ಹೋಯಿತು, ಹುಡುಗರು ಬಸ್ಸಿಗೆ ಓಡಿದರು. ಕತ್ತಲಾಗುವವರೆಗೆ ಮೇಷ್ಟ್ರೂ ನಾನೂ ಎತ್ತಿದ್ದು ಅರ್ಧವೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಮೇಷ್ಟ್ರು ಒಬ್ಬರೇ ಚೀಲ ಹಿಡಿದುಕೊಂಡು ಹೋದರಂತೆ. ಓಣಿಯ ಹೆಂಗಸರು ಅಷ್ಟರಲ್ಲೇ ದಂಡೆ ಗುಡಿಸಿ ಮುಗಿಸಿದ್ದರು.

"ಎಲ್ಲಾ ಆಯ್ತು ಬಿಡಿ ಮೇಷ್ಟ್ರೇ. ಫೋಟೋ ಚೆನ್ನಾಗಿ ಬಂತಾ?" ಎಂದು ಟೈಲರಮ್ಮ ಕೇಳಿದಳಂತೆ. ಕುಹಕಕ್ಕಲ್ಲ, ನಿಜವಾಗಿಯೇ ಕೇಳಿದಳು ಎಂದರು ಮೇಷ್ಟ್ರು. "ಬೈದಿದ್ರೆ ಎಷ್ಟೋ ಚೆನ್ನಾಗಿತ್ತು ಮೇಡಂ."

ಫೋಟೋ ಚೆನ್ನಾಗಿಯೇ ಬಂದಿತ್ತು. ವಿಷಯ ಉಳಿಯಿತು, ಕಡ್ಡಾಯವೂ ಆಯಿತು. ಮೇಷ್ಟ್ರಿಗೆ ದೊಡ್ಡ ತರಗತಿ, ಬೆಳಗಿನ ಪಿರಿಯಡ್ಡು. ಪಾಠ ಮಾತ್ರ ಸೊರಗಿತು. ಮೊದಲು ಮಕ್ಕಳ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಿದ್ದವರು ಈಗ ಕಿಟಕಿಗೆ ಹೇಳತೊಡಗಿದರು. ನಮ್ಮ ಫ್ಯಾನು ನಿರಾತಂಕವಾಗಿ ತಿರುಗುತ್ತಿತ್ತು. ನಾನೇ ಎದ್ದು ಆರಿಸಿದರೂ ಅವರು ತಲೆ ಎತ್ತುತ್ತಿರಲಿಲ್ಲ. ಬಸ್ ಸ್ಟಾಪಿಗೆ ಓಣಿಯ ದಾರಿ ಬಿಟ್ಟು ಊರೆಲ್ಲ ಸುತ್ತಿ ಹೋಗುತ್ತಿದ್ದರು. ಅವರ ಕಾಲೆಳೆಯುವುದನ್ನು ನಾನು ಬಿಟ್ಟೆ. ಎಳೆಯಲು ನನಗೂ ಮುಖವಿರಲಿಲ್ಲ.

ಕೆಲವು ವರ್ಷ ಕಳೆದು, ಆ ಲೀಡರ್ ಹುಡುಗಿ ಅತಿಥಿ ಉಪನ್ಯಾಸಕ್ಕೆ ಬಂದಳು. ದೊಡ್ಡ ಕಂಪನಿಯೊಂದರ ಸಾಮಾಜಿಕ ಜವಾಬ್ದಾರಿ ವಿಭಾಗಕ್ಕೆ ಈಗ ಅವಳೇ ಮುಖ್ಯಸ್ಥೆ. ಬಂದವಳೇ ಮೇಷ್ಟ್ರ ಕಾಲು ಮುಟ್ಟಿದಳು. ಗಂಟಲು ಹಾಗೇ ಇತ್ತು, ಮೈಕು ಬೇಕಾಗಲಿಲ್ಲ.

"ನಾನು ಇವತ್ತು ತಿಂತಿರೋ ಅನ್ನ ಸರ್ ಕಲಿಸಿದ ಪಾಠದ್ದು" ಎಂದಳು ತರಗತಿಗೆ. "ಕಾಲುವೆ ದಂಡೆಯಲ್ಲಿ ಅವತ್ತು ಸರ್ ಒಂದು ಎದುರು ಮಾತೂ ಆಡದೆ ಚೀಲ ಬಿಚ್ಚಿದ್ರು. ಪುಸ್ತಕದಲ್ಲಿ ಇಲ್ಲದ ಪಾಠ ಅದು. ಕೆಲಸ ಎಷ್ಟೇ ಚೆನ್ನಾಗಿ ಮಾಡಿ, ಕಾಣಲಿಲ್ಲ ಅಂದ್ರೆ ಮಾಡಿದ ಹಾಗೇ ಅಲ್ಲ. ನಮ್ಮ ಟೀಮಿಗೆ ನಾನು ಮೊದಲು ಹೇಳಿಕೊಡೋದೇ ಇದನ್ನ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಕಣ್ಣು ಒದ್ದೆಯಾಗಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿದ್ದ ಮೇಷ್ಟ್ರು ಮೆಲ್ಲಗೆ ಎದ್ದು ನಿಂತರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಕಿಟಕಿ ಬಿಟ್ಟು ಮಕ್ಕಳನ್ನು ನೋಡಿದರು.

"ಅವತ್ತು ನಾನು ಮಾಡಿದ್ದು ತಪ್ಪು" ಎಂದರು. "ದೊಡ್ಡ ತಪ್ಪು."

ತರಗತಿ ಗೊಳ್ಳೆಂದು ನಕ್ಕಿತು. ಸರ್‌ಗೆ ಎಷ್ಟು ವಿನಯ ಎಂದು ಯಾರೋ ಚಪ್ಪಾಳೆಯನ್ನೂ ಹೊಡೆದರು. ಅವಳೂ ಪ್ರೀತಿಯಿಂದ ನಕ್ಕಳು.

"ಹೌದು ಸರ್" ಎಂದಳು. "ಫೋಟೋಗ್ರಾಫರ್ ಬರೋವರೆಗೆ ಗುಡಿಸದೆ ಕಾಯಬೇಕಿತ್ತು."

ಮುಂದಿನ ಬೆಂಚಿನವರು ಅದನ್ನೂ ಬರೆದುಕೊಂಡರು.