ಗೋಡೆಯ ಮೇಲಿಲ್ಲದ ಮನೆ

ವರ್ಲೀನ್ ಪ್ರುಯಿಟ್ ಮೂವತ್ತು ವರ್ಷ ಡೆಟ್ರಾಯಿಟ್‌ನಲ್ಲಿ ಸಿಟಿ ಬಸ್ಸು ಓಡಿಸಿದವಳು, ಒಂದು ದಿನವೂ ದಾರಿ ತಪ್ಪಿರಲಿಲ್ಲ. ಅಂಥವಳು ಆ ಶನಿವಾರ ತನ್ನದೇ ಬೀದಿಯ ಚಿತ್ರದ ಮುಂದೆ ನಿಂತು ತನ್ನ ಮನೆ ಹುಡುಕಿ ಹುಡುಕಿ ಸುಸ್ತಾದಳು.

ಮೂಲೆಯ ಕ್ಷೌರದಂಗಡಿಯ ಪಕ್ಕದ ಗೋಡೆಯ ತುಂಬ ಚಿತ್ರ. ಬರೆದವಳು ಇಟ್ಜೆಲ್ ಬರೇರಾ, ಊರಿನ ಆ ಕಡೆಯ ಮೆಕ್ಸಿಕನ್ ಕೇರಿಯ ಹುಡುಗಿ. ಇನ್ನು ಐವತ್ತು ವರ್ಷಕ್ಕೆ ಈ ಬೀದಿ ಹೇಗಿರಬಹುದು ಅಂತ ಬರೆದಿದ್ದಳು. ಛಾವಣಿ ಮೇಲೆಲ್ಲ ಸೋಲಾರ್, ಖಾಲಿ ಸೈಟುಗಳಲ್ಲಿ ಪೀಚ್ ಮರ, ಕಂಬದಿಂದ ಕಂಬಕ್ಕೆ ಬಳ್ಳಿ, ನಡುವೆ ಟ್ರಾಮು.

"ಇಂಥ ಚಿತ್ರಕ್ಕೆ, ಇಂಥ ಕತೆಗೆ ಸೋಲಾರ್‌ಪಂಕ್ ಅಂತಾರೆ," ಅಂದಳು ಇಟ್ಜೆಲ್.

"ಪಂಕ್ ಅಂದ್ರೆ ಕೂದಲು ನೆಟ್ಟಗೆ ನಿಲ್ಲಿಸ್ಕೊಂಡು ಅರಚೋರಲ್ವಾ?" ಎದುರುಮನೆಯ ಕ್ಲಿಯೋಫಸ್ ಬೋಳುತಲೆ ಸವರಿಕೊಂಡ. "ನನ್ನನ್ನ ಸೇರಿಸ್ಕೊಳ್ಳಲ್ಲ ಬಿಡು."

ತಮಾಷೆಗೆ ಅಂದನೇ ಹೊರತು ಅವನ ಕಣ್ಣು ಗೋಡೆ ಬಿಟ್ಟು ಕದಲಲಿಲ್ಲ. ಚಿತ್ರದಲ್ಲಿ ಅವನ ಮನೆ ಮುಂದೆ ಸೊಪ್ಪಿನ ಮಡಿ. ಹಿಂದಿನ ವಾರ ಅದರ ಗೆರೆ ಎಳೆದದ್ದೇ ತಡ, ಆಸಾಮಿ ನಿಜವಾಗಿಯೂ ಅಂಗಳ ಅಗೆದು ಕಾಲರ್ಡ್ ಸೊಪ್ಪಿನ ಬೀಜ ಹಾಕಿದ್ದ. ಹುಲ್ಲು ಕತ್ತರಿಸೋಕೂ ಗೊಣಗುತ್ತಿದ್ದ ಸೋಮಾರಿ!

ವರ್ಲೀನ್‌ಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಪಕ್ಕದ ಒಡೆಸ್ಸಾಳ ಮನೆ ಥಳಥಳ ಹೊಳೆಯುತ್ತಿದೆ, ಕಿಟಕಿಯಲ್ಲಿ ದೀಪ ಬೇರೆ. ತನ್ನ ಮನೆ ಇರಬೇಕಾದ ಜಾಗದಲ್ಲಿ ಒಂದು ಕೊಳ, ಅದರಲ್ಲಿ ಬಾತುಕೋಳಿ.

"ಮಗಳೇ, ನನ್ನ ಮನೆ ಏನಾಯ್ತು?"

"ದೀಪ ಇರೋದೇ ನಿಮ್ಮದಲ್ವಾ ಮಿಸ್ ವರ್ಲೀನ್? ನಿಮ್ಮ ಕಾರು ಅಲ್ಲೇ ನಿಂತಿರುತ್ತೆ, ಬೆಳಿಗ್ಗೆ ಕರ್ಟನ್ ಸರಿಸೋದೂ ನೀವೇ. ಪಕ್ಕದ್ದು ಪಾಳುಬಿದ್ದ ಮನೆ ಅಂದ್ಕೊಂಡೆ."

ಕ್ಲಿಯೋಫಸ್ ಗೊಳ್ಳೆಂದು ನಕ್ಕ. "ಕಳ್ಳರಿಗೆ ಅಂತ ಹೂಡಿದ ನಾಟಕ ಈ ಹುಡುಗೀನ ಏಮಾರಿಸ್ತಲ್ಲೇ ವರ್ಲೀನ್!"

ಒಡೆಸ್ಸಾ ಸತ್ತು ವರ್ಷಗಳೇ ಆಗಿದ್ದವು. ಮನೆ ಖಾಲಿ ಅಂತ ಗೊತ್ತಾದರೆ ತಾಮ್ರದ ಪೈಪು ಕೀಳುವವರು ನುಗ್ಗುತ್ತಾರೆ, ಆಮೇಲೆ ಬೆಂಕಿ, ಆಮೇಲೆ ನಗರಸಭೆಯ ಬುಲ್ಡೋಜರ್. ಅದಕ್ಕೇ, ಒಳಗೆ ಜನ ಇದ್ದಾರೆ ಅನ್ನಿಸಲಿ ಅಂತ, ಬೀದಿಯವರ ರೂಢಿಯಂತೆ ವರ್ಲೀನ್ ಗೆಳತಿಯ ಮನೆ ಮುಂದೆ ಕಾರು ನಿಲ್ಲಿಸುತ್ತಿದ್ದಳು, ಕರ್ಟನ್ ಒಗೆದು ಹಾಕುತ್ತಿದ್ದಳು, ಕ್ರಿಸ್ಮಸ್ಸಿಗೆ ಬಾಗಿಲಿಗೆ ಹಸಿರು ಮಾಲೆ ಕಟ್ಟುತ್ತಿದ್ದಳು. ತನ್ನ ಮನೆಗೆ ಹಿತ್ತಲ ಬಾಗಿಲಲ್ಲೇ ಓಡಾಟ. ಚಳಿಗೆಂದು ಮುಂದಿನ ಕಿಟಕಿಗೆ ಹೊಡೆದ ಪ್ಲೈವುಡ್ಡನ್ನು ತೆಗೆಯುವ ಉಮೇದೂ ಇರಲಿಲ್ಲ.

ಇಟ್ಜೆಲ್ ನಾಚಿ ಕೆಂಪಾದಳು. ಕೊಳದ ಮೇಲೆ ಬಿಳಿ ಬಣ್ಣ ಬಳಿದು, "ಹೇಳಿ, ಹೇಗಿರಬೇಕು ನಿಮ್ಮ ಮನೆ?" ಅಂದಳು.

ಬಾತುಕೋಳಿ ಹೋದದ್ದಕ್ಕೆ ವರ್ಲೀನ್‌ಗೆ ಯಾಕೋ ಸಂಕಟವಾಯಿತು. ಬಿಳಿ ಜಾಗ ನೋಡುತ್ತ ನಿಂತಳು. "ಸೂರು ಸೋರಬಾರದು."

"ಅದು ರಿಪೇರಿ ಕಣೇ. ಐವತ್ತು ವರ್ಷದ ಮಾತು ಹೇಳು!" ಅಂದ ಕ್ಲಿಯೋಫಸ್.

"ಐವತ್ತು ವರ್ಷಕ್ಕೆ ನಾನೆಲ್ಲಿರ್ತೀನಿ, ಬಾಯಿಗೆ ಬಂದಂಗೆ ಆಡ್ಬೇಡ!" ಸಿಟ್ಟು ಯಾರ ಮೇಲೆ ಅಂತ ಅವಳಿಗೇ ತಿಳಿಯಲಿಲ್ಲ. ಮರುಕ್ಷಣ ಭಯವಾಯಿತು. ಒಡೆಸ್ಸಾಳ ಮನೆಗೆ ತಾನಿದ್ದೇನೆ. ನಾಳೆ ತನ್ನ ಮನೆ ಮುಂದೆ ಕಾರು ನಿಲ್ಲಿಸುವವರು ಯಾರು?

"ಒಂದು ಕಾರು ಬರಿ ಮಗಳೇ. ಮನೆ ಮುಂದೆ."

"ಆ ಕಾಲಕ್ಕೆ ಇಲ್ಲಿ ಕಾರೇ ಇರಲ್ಲ, ಮಿಸ್ ವರ್ಲೀನ್."

"ಮತ್ತೆ ಪೈಪು ಕೀಳೋರು?"

"ಅವರೂ ಇರಲ್ಲ."

ಕಾರಿಲ್ಲ, ಕಳ್ಳರಿಲ್ಲ. ಹಾಗಾದರೆ ಯಾರನ್ನು ಹೆದರಿಸಬೇಕು? ವರ್ಲೀನ್ ಗೋಡೆಯ ಹತ್ತಿರ ಸರಿದಳು. "ಹಾಗಾದ್ರೆ ಮುಂಬಾಗಿಲು ತೆರೆದಿಟ್ಟೇ ಬರಿ," ಅಂದಳು. "ಕೊಳ ಹಿತ್ತಲಿಗೆ ಹಾಕು. ಬಾತು ಇರಲಿ."

ಮನೆಗೆ ಬಂದವಳು ಅಭ್ಯಾಸಬಲದಿಂದ ಹಿತ್ತಲ ಕಡೆ ತಿರುಗಿ, ಮತ್ತೆ ಮುಂದಕ್ಕೆ ಬಂದು ಜಗಲಿ ಹತ್ತಿದಳು. ಕೀಗೊಂಚಲು ತೆಗೆದು ಒಂದೊಂದನ್ನೇ ನೋಡಿದಳು. ಒಡೆಸ್ಸಾಳ ಮುಂಬಾಗಿಲಿನದು ಇತ್ತು, ತನ್ನ ಹಿತ್ತಲ ಬಾಗಿಲಿನದೂ ಇತ್ತು. ತನ್ನ ಮುಂಬಾಗಿಲ ಕೀ ಎಲ್ಲಿಟ್ಟಿದ್ದೇನೆಂದು ಎಷ್ಟು ಯೋಚಿಸಿದರೂ ಅವಳಿಗೆ ನೆನಪಾಗಲಿಲ್ಲ.