ಕರೆದವರಿಗಷ್ಟೇ ಹಣ

ಡಾಟ್‌ಕಾಮ್ ಷೇರುಗಳು ಏರುತ್ತಲೇ ಇದ್ದ ಕಾಲ. ಕ್ಯಾಲಿಫೋರ್ನಿಯಾದ ಡಬ್ಲಿನ್ನಿನಲ್ಲಿ ನಾವು ಮನೆ ಕೊಂಡ ಮೇಲೆ, ಬರ್ಕ್ಲಿ ಗುಡ್ಡದ ಮೇಲಿನ ಒಬ್ಬ ನಿವೃತ್ತ ವಕೀಲೆಯ ಮನೆಯಿಂದ ನನಗೆ ಕರೆ ಬಂತು. ರಾಜಕೀಯ ಕೆಲಸ ಮಾಡುವ ಸಂಘಟನೆಗಳಿಗೆ ಹಣ ಕೊಡುವ ಸಮಿತಿ ಅವರದು. ನಾನೂ ನನ್ನ ಪಾಲಿನ ಹಣ ಹಾಕಿ ಸದಸ್ಯೆಯಾದೆ. ಅಲ್ಲಿ ಭಾರತದವಳು ನಾನೊಬ್ಬಳೇ. ಅದನ್ನು ಅವರು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು.

ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ಹುಬ್ಬಳ್ಳಿಯ ಗೆಳತಿಯೊಬ್ಬಳು, ಬಾಡಿಗೆ ಕಟ್ಟಲಾಗದೆ ಮನೆ ಬಿಡಬೇಕಾದವರನ್ನು ಸೇರಿಸಿ ಸಂಘ ಕಟ್ಟಿದ್ದಳು. ಬಾಡಿಗೆಗೆ ಮಿತಿ ಹಾಕುವ ಕಾನೂನು ಬೇಕೆಂದು ಅವರ ಹೋರಾಟ.

"ಅಕ್ಕಾರ, ನಿಮ್ಮ ಕಮಿಟಿಗೆ ನಾವು ಅರ್ಜಿ ಹಾಕೂದು ಹೆಂಗ್ರಿ?" ಎಂದು ಕೇಳಿದಳು.

"ಅರ್ಜಿ ತಗೊಳ್ಳಲ್ಲಮ್ಮ. ಅವರೇ ಕರೀಬೇಕು."

"ಕರೀಬೇಕಂದ್ರ ನಾವಿರೂದು ಅವರಿಗೆ ಗೊತ್ತಿರಬೇಕಲ್ರಿ?"

ಅದೇ ಶನಿವಾರದ ಮೀಟಿಂಗಿನಲ್ಲಿ ಅವಳ ಸಂಘದ ವಿಷಯ ಎತ್ತಿದೆ. ವಕೀಲೆ ಮೃದುವಾಗಿಯೇ, "ಅವರು ನಮ್ಮಲ್ಲಿ ಯಾರಿಗೂ ಪರಿಚಯವಿಲ್ಲವಲ್ಲ" ಎಂದರು.

"ನನಗೆ ಪರಿಚಯವಿದೆ. ಒಮ್ಮೆ ಕರೆಸಿ ಮಾತಾಡಿ."

ಒಬ್ಬರು ಚಹಾ ಬಗ್ಗಿಸಿಕೊಂಡರು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಇನ್ನೊಂದು ಸಂಘಟನೆಯ ಹೆಸರು ಬಂತು. ಅದರ ಮುಖ್ಯಸ್ಥನನ್ನು ವಕೀಲೆ ಅವನ ಕಾಲೇಜು ದಿನಗಳಿಂದ ಬಲ್ಲರಂತೆ. ಅವನ ಕೆಲಸದ ಬಗ್ಗೆ ಒಂದು ಪ್ರಶ್ನೆಯೂ ಏಳಲಿಲ್ಲ. ಎಲ್ಲರ ಕೈ ಮೇಲೆದ್ದಿತು. ನಾನು ಎತ್ತಲಿಲ್ಲ.

"ನಿಮಗೆ ಪರಿಚಯ ಇದ್ದರೆ ಸಾಕು, ನನಗಿದ್ದರೆ ಸಾಲದೇ?" ಎಂದೆ. ಪ್ರಜಾಪ್ರಭುತ್ವ ಉಳಿಸುತ್ತೇವೆಂದು ಸೇರಿದವರು ಬಾಗಿಲಿಗೆ ಅಗುಳಿ ಹಾಕಿಕೊಂಡು ಕೂತಿದ್ದರು. ನಾನು ಆ ಕೋಣೆಯಲ್ಲಿ ಮುಖವಾಗಿ ಬೇಕಿದ್ದೆ, ಬಾಯಾಗಿ ಅಲ್ಲ.

ಮರಳುವಾಗ ಫ್ರೀವೇಯಲ್ಲಿ, ಕರೆದೊಯ್ಯಲು ಬಂದಿದ್ದ ಗಂಡನಿಗೆ ಎಲ್ಲ ಹೇಳಿದೆ. "ಹಾಸನದಲ್ಲಿ ಇದನ್ನ ವಶೀಲಿ ಅಂತಿದ್ವಿ. ಇಲ್ಲಿ ನೆಟ್‌ವರ್ಕು ಅಂತಾರೆ, ಅಷ್ಟೇ" ಎಂದ.

ಮುಂದಿನ ಮೀಟಿಂಗಿಗೆ ನನಗೆ ಕರೆ ಬರಲಿಲ್ಲ. ಫೋನು ಮಾಡಿದರೆ, ಈ ಸಲ ಗುಂಪು ಚಿಕ್ಕದು ಮಾಡಿದ್ದೇವೆ ಎಂದರು ವಕೀಲೆ. ನಾನು ಹಾಕಿದ ಪಾಲಿನ ಬಗ್ಗೆ ಒಂದು ಮಾತೂ ಇಲ್ಲ.

ಗೆಳತಿಯ ಸಂಘದ ಆಫೀಸಿಗೇ ಬಾಡಿಗೆ ಏರಿತು. ಅದನ್ನು ಖಾಲಿ ಮಾಡುವ ದಿನ ನಾನೂ ಹೋಗಿ ಕುರ್ಚಿಗಳನ್ನು ಅವಳ ಗ್ಯಾರೇಜಿಗೆ ಸಾಗಿಸಿದೆ. ಮರುವಾರವೇ ಅಲ್ಲಿ ಸಂಘದ ಸಭೆ ನಡೆಯಿತು. ಬಾಗಿಲು ಬೀದಿಗೆ ತೆರೆದೇ ಇತ್ತು. ಹಾದುಹೋಗುತ್ತಿದ್ದವರಲ್ಲೂ ಕೆಲವರು ಬಂದು ಕೂತರು.